ಗುಪ್ಪೆಗೊಂದು ಕಲ್ಲು

"ಏ ಲೌಡಿ, ಸೊಂಟ ಬಗ್ಸಿ ಎತ್ತೇ ಆ ಕಲ್ಲನ್ನ. ತಿನ್ನಕ್ ಬಗ್ಗೋ ಸೊಂಟ ಕೆಲ್ಸಕ್ ಬಗ್ಗಲ್ವಾ?"

ಬಾಸ್ ಸ್ಟ್ರೈಡಂ ಕುದುರೆಯಿಂದ ಇಳಿಯದೆಯೇ ಬೈಯುತ್ತಿದ್ದ. ಅವನ ಕಟ್ಟೆಗೆ ನಾವು ಹೆಂಗಸರು ಕಲ್ಲು ಹೊರುತ್ತಿದ್ದೆವು. ಕಟ್ಟೆ ಅಂದರೆ ಇನ್ನೇನಲ್ಲ, ನಮ್ಮ ಒರತೆಗೆ ಅವನು ಅಡ್ಡಗಟ್ಟಿಸುತ್ತಿದ್ದ ಗೋಡೆ. ದಿನವಿಡೀ ಕಲ್ಲು ಹೊತ್ತರೆ ಸಂಜೆ ನಮ್ಮ ಆಡುಗಳಿಗೆ ಒಂದು ಸಲ ನೀರು. ಹೊರದಿದ್ದರೆ ಒರತೆಯ ಸುತ್ತ ಮುಳ್ಳುಬೇಲಿ, ಬೇಲಿಯ ಬಾಯಿಗೆ ಅವನ ಎರಡು ನಾಯಿ. ನನ್ನ ಅತ್ತೆ ಡೀನಾಳಿಗೆ ಎಪ್ಪತ್ತು ದಾಟಿತ್ತು. ಅವಳ ಪಾಲಿನ ಕಲ್ಲನ್ನೂ ನಾನೇ ಹೊತ್ತು ನನ್ನ ಸೊಂಟ ಮರಗಟ್ಟಿ ಹೋಗಿತ್ತು.

ಈ ಸ್ಟ್ರೈಡಂ ನಮ್ಮ ಶತ್ರುವಾಗಿ ಬಂದವನಲ್ಲ. ಹೊಟ್ಟೆ ಉರಿಯುವುದು ಅದಕ್ಕೇ. ನಾವೇ ಕರೆಸಿಕೊಂಡವನು ಅವನು. ನಮ್ಮ ಕೊರಾನಾ ಜನದ ಯಜಮಾನ ಕ್ಯಾಪ್ಟನ್‌ಗೂ ಹಾರ್ಟ್ಸ್ ಹೊಳೆಯಾಚೆಯ ತ್ಲಾಪಿಂಗ್ ದೊರೆಗೂ ದನದ ವಿಷಯಕ್ಕೆ ಜಗಳವಿತ್ತು. ಬಂದೂಕು ಹಿಡಿದ ಬೋಯರ್ ಬಿಳಿಯರು ಬಂದು, ನಿಮ್ಮ ಪರವಾಗಿ ನಾವು ಕಾದುತ್ತೇವೆ, ಗೆದ್ದರೆ ದನದಲ್ಲಿ ಅರ್ಧ, ತಲೆಗೊಂದು ಜಮೀನು ಅಂದರು. ಕ್ಯಾಪ್ಟನ್ ಸಾರಾಯಿ ಕುಡಿದು ಕಾಗದದ ಮೇಲೆ ಗೀಟು ಹಾಕಿದ. ಗೆದ್ದೆವೆಂದು ನಾವು ಮೂರು ದಿನ ಕುಣಿದೆವು. ನಾಲ್ಕನೆಯ ದಿನ ಅವರು ಟೋಪಿಯೊಳಗೆ ಚೀಟಿ ಹಾಕಿ ಎತ್ತಿದರು. ಸ್ಟ್ರೈಡಂನ ಚೀಟಿಗೆ ನಮ್ಮ ಒರತೆ ಬಂತು.

ಆಮೇಲೆ ಅವರು ಒಂದು ಊರು ಕಟ್ಟಿ, ಬಾವುಟದಲ್ಲಿ ನಕ್ಷತ್ರ ಹೊಲಿಸಿ, ಇದು ಸ್ಟೆಲಾಲ್ಯಾಂಡ್, ನಕ್ಷತ್ರದ ದೇಶ, ಪ್ರಜೆಗಳದೇ ರಾಜ್ಯ ಎಂದು ಸಾರಿದರು. ಪ್ರಜೆ ಅಂದರೆ ಯಾರು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ರಾಜ್ಯದಲ್ಲಿ ನೆಲ ಅಳೆಯುವುದು ಸುಲಭದ ಕೆಲಸ. ನೀರಿದ್ದಲ್ಲಿಂದ ಕುದುರೆಯನ್ನು ನಾಲ್ಕು ದಿಕ್ಕಿಗೂ ಅರ್ಧರ್ಧ ಗಂಟೆ ನಡೆಸುವುದು, ಅದು ನಿಂತಲ್ಲಿ ನಾಲ್ಕಾರು ಕಲ್ಲು ಪೇರಿಸುವುದು, ಅದೇ ಎಲ್ಲೆ. ಸ್ಟ್ರೈಡಂನ ಕುದುರೆಯ ಲಗಾಮು ಹಿಡಿದು ನಡೆದವನು ನನ್ನ ಗಂಡ ಕೀವೀಟ್. ಮೂಡಲ ದಿಕ್ಕಿನ ಐದು ಕಲ್ಲು ನಮ್ಮ ದಾರಿಯ ಪಕ್ಕದಲ್ಲೇ ಬಿದ್ದವು. ಕೂಲಿಗೆಂದು ಒಂದು ಎಳೆ ಹೊಗೆಸೊಪ್ಪು ಸಿಕ್ಕಿತು.

ಅಷ್ಟರಲ್ಲೇ ಮುಗಿದಿದ್ದರೆ ಆ ಐದು ಕಲ್ಲನ್ನು ಆಡುಗಳೇ ಒದ್ದು ಉರುಳಿಸುತ್ತಿದ್ದವು. ಆದರೆ ದಾರಿಯಂಚಿನಲ್ಲಿ ಕಲ್ಲಿನ ಗುಪ್ಪೆ ಕಂಡರೆ ನಮ್ಮ ಜನ ಸುಮ್ಮನೆ ದಾಟುವುದಿಲ್ಲ. ನಮ್ಮ ಹಿರೀಕ ಹೈಟ್ಸಿ ಐಬಿಬ್ ಸತ್ತು ಸತ್ತು ಎದ್ದು ಬರುವವನು, ಸತ್ತಲ್ಲೆಲ್ಲ ಅವನಿಗೊಂದು ಗೋರಿ. ಹೋಗುವವರು ಬರುವವರು ಅದರ ಮೇಲೊಂದು ಕಲ್ಲು, ಒಂದು ಹಸಿರು ಕಡ್ಡಿ ಹಾಕಿ, ಅಜ್ಜಾ, ಆಡು ಹೆಚ್ಚಲಿ, ನೀರು ಬತ್ತದಿರಲಿ ಎಂದು ಕೇಳಿಕೊಳ್ಳಬೇಕು. ಮೊದಲು ಹಾಕಿದವಳು ನನ್ನತ್ತೆ. ಅಜ್ಜ ಇಲ್ಲೂ ಮಲಗಿದ್ದಾನೆ, ಇಷ್ಟು ದಿನ ನನ್ನ ಕಣ್ಣಿಗೇ ಬಿದ್ದಿರಲಿಲ್ಲ ನೋಡು ಎಂದು ಹಿಗ್ಗಿದಳು. ಅವಳನ್ನು ನೋಡಿ ನಾನು, ನನ್ನನ್ನು ನೋಡಿ ಕೇರಿಯವರು. ಎರಡು ವರ್ಷದಲ್ಲಿ ಗುಪ್ಪೆ ಎದೆಮಟ್ಟ ಆಯಿತು.

ಕೀವೀಟ್ ಬಾಯಿ ಬಿಡಲಿಲ್ಲ. ಒಂದು ದಿನ ಆಡು ಕಾಯುತ್ತ ನನ್ನೊಬ್ಬಳಿಗೆ ಹೇಳಿದ. "ಸನ್ನಾ, ಅದು ಅಜ್ಜನ ಗೋರಿ ಅಲ್ಲ ಕಣೇ. ಬಾಸ್‌ನ ಎಲ್ಲೆ. ನಾನೇ ಇಟ್ಟಿದ್ದು. ಅವ್ವಂಗೆ ಹೇಳ್ಬ್ಯಾಡ, ಸತ್ತೋಯ್ತಾಳೆ." ನಾನೂ ಹೇಳಲಿಲ್ಲ. ಹೇಳಬೇಕಿತ್ತು. ಹೇಳದೆ ಹಾಳಾದೆ.

ಆ ರಾಜ್ಯಕ್ಕೆ ಹೊಟ್ಟೆ ತುಂಬುತ್ತಿರಲಿಲ್ಲ. ಸುತ್ತಲಿನವರ ದನಕ್ಕೂ ನೆಲಕ್ಕೂ ಮತ್ತೆ ಮತ್ತೆ ದಂಡು ಹೊರಡುತ್ತಿತ್ತು. ದಂಡೆಂದರೆ ಬಿಳಿಯರ ಕೈಗೆ ಬಂದೂಕು, ನಮ್ಮವರ ಕೈಗೆ ಅವರ ಕುದುರೆಯ ಲಗಾಮು. ನಾಲ್ಕು ಕುದುರೆ ಹಿಡಿದು ಬಯಲಲ್ಲಿ ನಿಂತಿದ್ದ ಕೀವೀಟ್‌ನ ಸೊಂಟಕ್ಕೆ ಗುಂಡು ಬಿತ್ತು. ದನದ ಜೊತೆ ಗಾಡಿಯಲ್ಲಿ ತಂದು ಗುಡಿಸಲ ಮುಂದೆ ಇಳಿಸಿದರು. ಅವನು ಬಿಟ್ಟ ಕುದುರೆಯೊಂದು ಓಡಿಹೋಯಿತೆಂದು ಸ್ಟ್ರೈಡಂ ನಮ್ಮ ಮೂರು ಆಡು ಹೊಡೆದುಕೊಂಡು ಹೋದ. ಗಾಯ ಮಾಯಲೇ ಇಲ್ಲ. ಅದರ ವಾಸನೆಗೆ ಗುಡಿಸಲ ಚಾಪೆಗಳನ್ನೆಲ್ಲ ಎತ್ತಿ ಕಟ್ಟಿ ಗಾಳಿಯಾಡಿಸುತ್ತಿದ್ದೆ.

ಅಂಥದ್ದರಲ್ಲಿ ಸುದ್ದಿ ಬಂತು. ತೆಂಕಣದಿಂದ ಇಂಗ್ಲಿಷ್ ರಾಣಿಯ ದಂಡು ಬರುತ್ತಿದೆ, ಸಾವಿರಾರು ಜನ, ಗಾಳಿ ತುಂಬಿ ಆಕಾಶದಲ್ಲಿ ತೇಲುವ ಬುಡ್ಡೆಯೊಳಗೆ ಕೂತು ನೋಡುವವನೂ ಒಬ್ಬನಿದ್ದಾನೆ ಎಂದು. ನಕ್ಷತ್ರದ ಬಾವುಟ ಒಂದು ಗುಂಡೂ ಹಾರದೆ ಕೆಳಗಿಳಿಯಿತು. ಎರಡೂವರೆ ವರ್ಷದ ದೇಶ, ಒಂದು ಮಧ್ಯಾಹ್ನಕ್ಕೆ ಮುಗಿಯಿತು. ಕೀವೀಟ್ ಮಲಗಿದ್ದಲ್ಲೇ ನಕ್ಕ. ಗುಂಡು ಬಿದ್ದ ಮೇಲೆ ಅವನು ನಕ್ಕಿದ್ದು ಅದೊಂದೇ ಸಲ.

"ಅವ್ರ ದೇಶಾನೇ ಸತ್ತೋದ್ಮೇಲೆ ಎಲ್ಲೆ ಎಲ್ಲಿ ಉಳೀತು? ಒರತೆ ನಮ್ದು ಕಣೇ."

ಹದಿನೈದು ದಿನಕ್ಕೆ ಇಂಗ್ಲಿಷ್ ಸಾಹೇಬನೊಬ್ಬ ದುಭಾಷಿಯೊಂದಿಗೆ ಬಂದ. ಜೊತೆಯಲ್ಲಿ ಸ್ಟ್ರೈಡಂ, ಕ್ಷೌರ ಮಾಡಿಸಿಕೊಂಡು, ಕೋಟು ಹಾಕಿಕೊಂಡು. ಮೂಡಲ ಗುಪ್ಪೆಯ ಬಳಿ ನಮ್ಮನ್ನೆಲ್ಲ ಕರೆಸಿದರು. ನಿಮ್ಮ ಒಪ್ಪಿಗೆಯಿಲ್ಲದೆ ಯಾರೇ ಎಲ್ಲೆ ಹಾಕಿದ್ದರೂ ಅದು ಊರ್ಜಿತವಲ್ಲ, ಹೆದರಬೇಡಿ, ನಿಜ ಹೇಳಿ ಎಂದು ದುಭಾಷಿ ವಿವರಿಸಿದ. ಈ ಕಲ್ಲು ಹಾಕಿದವರು ಯಾರು ಎಂದು ಅವನು ಕೇಳಿ ಮುಗಿಸುವಷ್ಟರಲ್ಲಿ ಅತ್ತೆ ಮುಂದೆ ಹೋದಳು. ನಾನು ಅವಳು ಹೊದ್ದ ತೊಗಲನ್ನು ಹಿಡಿದೆಳೆದೆ. ಕೊಡವಿಕೊಂಡಳು. ಹಾಕಿದ ಕಲ್ಲನ್ನು ಹಾಕಿಲ್ಲವೆಂದರೆ ಅದರ ಜೊತೆ ಕೇಳಿಕೊಂಡದ್ದೆಲ್ಲ ಮಣ್ಣುಪಾಲು. ಅವಳು ಪ್ರಾಣ ಹೋದರೂ ಅಲ್ಲವೆನ್ನುತ್ತಿರಲಿಲ್ಲ.

"ನಾವೇ ಸ್ವಾಮಿ. ನನ್ ಕೈಯಿಂದ್ಲೇ ನೂರಾರು ಬಿದ್ದವೆ."

"ಬಾಸ್ ಬಲವಂತ ಮಾಡಿದ್ನಾ?"

"ಅವ್ನ್ಯಾವೋನು ಬಲವಂತ ಮಾಡಕ್ಕೆ? ನಮ್ ಖುಷಿಗ್ ನಾವು ಹಾಕಿದ್ದು."

ಸಾಹೇಬ ಬರೆದುಕೊಂಡ. ನನಗೆ ತಡೆಯಲಾಗಲಿಲ್ಲ. ಅದು ಎಲ್ಲೆಯಲ್ಲ, ನಮ್ಮ ಅಜ್ಜನ ಗೋರಿಯೆಂದು ಹಾಕಿದ್ದು ಎಂದು ಕೂಗಿದೆ. ಹಾಗಾದರೆ ಒಳಗೆ ಯಾರನ್ನು ಹೂಳಿದ್ದೀರಿ ಎಂದು ದುಭಾಷಿ ಕೇಳಿದ. ಯಾರನ್ನೂ ಹೂಳಿರಲಿಲ್ಲ. ಮೊದಲನೆಯ ಕಲ್ಲು ಯಾರದು ಎಂದ. ಅತ್ತೆ ನನ್ನ ಮುಖ ನೋಡುತ್ತಿದ್ದಳು. ಹೇಳಿಬಿಟ್ಟೆ.

"ಬಾಸ್ ಇಡ್ಸಿದ್ದು. ನನ್ ಗಂಡನ್ ಕೈಲಿ."

"ಅಂದ್ರೆ ಇಟ್ಟಿದ್ದು ನಿನ್ನ ಗಂಡ."

ಸಾಹೇಬ ಅದನ್ನೂ ಬರೆದುಕೊಂಡ. ಸ್ಟ್ರೈಡಂ ಟೋಪಿ ತೆಗೆದು ತಲೆ ಕೆರೆದುಕೊಂಡು ನಿಂತಿದ್ದ. ಅವನು ಒಂದು ಮಾತೂ ಆಡುವ ಅಗತ್ಯ ಬೀಳಲಿಲ್ಲ. ದೇಶ ಸತ್ತಿತು, ಎಲ್ಲೆ ಉಳಿಯಿತು.

ಮನೆಗೆ ಬಂದು ಅತ್ತೆ ಮಗನಿಗೆ ಹುಳಿಹಾಲು ಕುಡಿಸಿದಳು. ಬಾಯಿ ಒರೆಸಿದಳು. ನೀನೇ ಇಟ್ಟೆಯಾ ಎಂದು ಒಂದೇ ಸಲ ಕೇಳಿದಳು. ಕೀವೀಟ್ ಚಾಪೆಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಮತ್ತೆ ಈ ಕಡೆ ತಿರುಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಹೋಗಿಬಿಟ್ಟ.

ಒರತೆಯ ಮೇಲಿನ ದಿಬ್ಬದಲ್ಲಿ ಅವನಪ್ಪನ ಪಕ್ಕ ಹೂಳಲು ಸ್ಟ್ರೈಡಂ ಬಿಡಲಿಲ್ಲ. ನೀರು ಕೆಡುತ್ತದೆ, ಆ ಹೆಣವನ್ನು ನನ್ನ ಎಲ್ಲೆಯಾಚೆ ಎಳೆದುಕೊಂಡು ಹೋಗಿ ಎಂದ. ಹೊತ್ತುಕೊಂಡು ನಡೆದೆವು. ಉರಿಬಿಸಿಲು. ಮೂಡಲ ಗುಪ್ಪೆಯ ಬಳಿ ಅತ್ತೆ ನಿಂತಳು.

"ಇಳಿಸ್ರೇ ಇಲ್ಲೇ. ಗೋರಿ ಅಂತ ಹೇಳಿದ್ವಲ್ಲ. ಗೋರೀನೇ ಮಾಡಾನ."

ಅವಳೇ ಮೊದಲ ಕಲ್ಲು ಕಿತ್ತಳು. ಗೋರಿಯಿಂದ ಕಲ್ಲು ತೆಗೆಯುವುದು ನಮ್ಮಲ್ಲಿ ಯಾರೂ ಮಾಡದ ಪಾಪ. ಆದರೂ ಕಿತ್ತಳು. ಆಮೇಲೆ ನಾನು, ಆಮೇಲೆ ಎಲ್ಲರೂ. ಅರ್ಧ ಕಿತ್ತಿರುವಾಗ ಸ್ಟ್ರೈಡಂ ಕುದುರೆ ಓಡಿಸಿಕೊಂಡು ಬಂದು ಬಂದೂಕು ಎತ್ತಿದ.

"ನಿಲ್ಸ್ರೇ ಸೂಳೇರಾ. ಸರ್ಕಾರದ ಎಲ್ಲೆ ಅದು. ಸುಟ್ಟಾಕ್ಬುಡ್ತೀನಿ."

ಅತ್ತೆ ಸೊಂಟ ನೆಟ್ಟಗೆ ಮಾಡಿಕೊಂಡಳು.

"ನಾವೇ ಇಟ್ಟಿದ್ದು ಅಂತ ನಿನ್ ಸಾಹೇಬ ಬರ್ಕಂಡೋದ್ನಲ್ಲ ಮಗ. ಇಟ್ಟೋರೇ ತೆಗೀತಾವ್ರೆ. ಸುಡದಾದ್ರೆ ಸುಡು, ಗುಂಡಿ ಹೆಂಗೂ ತೋಡ್ತೀವಿ."

ಯಾರೂ ಕೈ ನಿಲ್ಲಿಸಲಿಲ್ಲ. ನನಗೆ ಹೆದರಿಕೆಯೇ ಆಗಲಿಲ್ಲ, ದೇವರಾಣೆ, ಎಷ್ಟೋ ವರ್ಷದ ಮೇಲೆ ಮೈ ಹಗುರಾಗಿತ್ತು. ತಳದಲ್ಲಿ ಕೀವೀಟ್‌ನ ಐದು ಕಲ್ಲು ಸಿಕ್ಕವು. ಅವನ್ನೂ ಕಿತ್ತು, ಗೆಡ್ಡೆ ಅಗೆಯುವ ಕೋಲಿನಿಂದಲೇ ಗುಂಡಿ ತೋಡಿ, ಅವನನ್ನು ಮಂಡಿ ಮಡಿಸಿ ಮಲಗಿಸಿದೆವು. ಮಣ್ಣೆಳೆದೆವು. ಬರೀ ಮರಳು ನೆಲ, ಮೊಣಕಾಲಿನ ಆಳಕ್ಕೆ ಬಂಡೆ ಸಿಕ್ಕಿತ್ತು. ಹೀಗೇ ಬಿಟ್ಟರೆ ನಾಳೆ ಬೆಳಗಾಗುವಷ್ಟರಲ್ಲಿ ನರಿಗಳು ಎಳೆದು ಹಾಕುತ್ತವೆ. ಮೇಲೆ ಕಲ್ಲು ಹೇರಲೇಬೇಕು.

ನಮಗಿಂತ ಮೊದಲು ಅದು ಸ್ಟ್ರೈಡಂಗೆ ಹೊಳೆದಿರಬೇಕು. ಬಂದೂಕನ್ನು ಜೀನಿನ ಮೇಲೆ ಅಡ್ಡ ಇಟ್ಟುಕೊಂಡು, ಚಿಲುಮೆಗೆ ಹೊಗೆಸೊಪ್ಪು ತುಂಬುತ್ತ ಕೂತುಬಿಟ್ಟ. ಕಿತ್ತ ಕಲ್ಲನ್ನೆಲ್ಲ ನಾವೇ ಒಂದೊಂದಾಗಿ ಮತ್ತೆ ಪೇರಿಸಿದೆವು. ಕೇರಿಯವರೆಲ್ಲ ಸತ್ತವನ ಹೆಸರಲ್ಲಿ ಒಂದೊಂದು ಹೊಸ ಕಲ್ಲು ಹಾಕಿದರು. ಮುಗಿದಾಗ ಗುಪ್ಪೆ ಮೊದಲಿಗಿಂತ ಒಂದು ಗೇಣು ಎತ್ತರವಾಗಿತ್ತು.

ಮಾರನೆಯ ದಿನದಿಂದ ಮತ್ತೆ ಕಟ್ಟೆಗೆ ಕಲ್ಲು ಹೊರುತ್ತಿದ್ದೇವೆ. ನಾನು ಆ ದಾರಿಯಲ್ಲಿ ಕೈಕಟ್ಟಿಕೊಂಡು ಹೋಗುತ್ತೇನೆ. ಅತ್ತೆ ಮಾತ್ರ ದಿನಾ ನಿಂತು, ಬಗ್ಗಿ, ಕಲ್ಲು ಹುಡುಕಿ ಒಂದನ್ನು ಗುಪ್ಪೆಯ ಮೇಲಿಟ್ಟೇ ಮುಂದೆ ಹೋಗುತ್ತಾಳೆ. ಮಗನ ಗೋರಿ, ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ.