ಖಡಕ್ ರೊಟ್ಟಿ ಮನೆಯ ಕೂಲರ್

ನಾನು ಒಂದು ತಗಡಿನ ಕೂಲರ್. ಹುಟ್ಟಿದ್ದು ಕಲಬುರಗಿಯಲ್ಲಿ. ತಂಪಾದ ಊರಿನಲ್ಲಿ ಹುಟ್ಟಿದ್ದರೆ ನನ್ನನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ಹೋಳಿ ಹುಣ್ಣಿಮೆ ಕಳೆಯಿತೆಂದರೆ ಸಾಕು, ಅಳಿಯ ಬಂದರೂ ಏಳದವರು ಕೂಲರಿನ ಮುಂದೆ ಜಾಗ ಹಿಡಿಯಲು ಎದ್ದು ಬರುತ್ತಾರೆ.

ನನ್ನನ್ನು ಮಾಡಿದವನು ಚಾಂದಪಾಷಾ. ರಸ್ತೆ ಬದಿಯ ಶೆಡ್ಡಿನಲ್ಲಿ ಕುಳಿತು ತಗಡನ್ನು ಕತ್ತರಿಸಿ, ಬಡಿದು, ಮಡಚಿ ಪೆಟ್ಟಿಗೆ ಮಾಡಿದ. ಮೂರು ಕಡೆ ಜಾಳಿಗೆ ಕೂಡಿಸಿ ಅದರಲ್ಲಿ ಕಟ್ಟಿಗೆಯ ಹುಲ್ಲು ತುಂಬಿದ. ಕೆಳಗೆ ನೀರಿನ ತೊಟ್ಟಿ, ನಡುವೆ ದೊಡ್ಡ ಫ್ಯಾನು, ನೀರು ಎತ್ತಿ ಹುಲ್ಲಿನ ಮೇಲೆ ಸುರಿಯಲು ಒಂದು ಚಿಕ್ಕ ಪಂಪು. ಇಷ್ಟೇ ನನ್ನ ಒಡಲು, ನನ್ನ ವಿದ್ಯೆಯೂ ಇಷ್ಟೇ. ಹೊರಗಿನ ಬಿಸಿಗಾಳಿಯನ್ನು ಒದ್ದೆ ಹುಲ್ಲಿನಿಂದ ಎಳೆದು ಒಳಗೆ ತಳ್ಳುತ್ತೇನೆ. ತಳ್ಳಿದ ಗಾಳಿ ಮನೆಯ ಇನ್ನೊಂದು ಕಡೆಯಿಂದ ಹೊರಗೆ ಹೋಗಬೇಕು. ಹೋಗದಿದ್ದರೆ ತೇವವೆಲ್ಲ ಒಳಗೇ ಕೂಡಿಬಿದ್ದು ಖೋಲಿ ಇಡ್ಲಿ ಪಾತ್ರೆಯಂತಾಗುತ್ತದೆ. ಇದನ್ನು ಚಾಂದಪಾಷಾ ಪ್ರತಿ ಗಿರಾಕಿಗೂ ಹೇಳುತ್ತಿದ್ದ.

"ಎದುರಿನ ಬಾಗಲಾ ತೆರದಿಡ್ರಿ. ಇದು ಏಸಿ ಅಲ್ಲ, ಬಾಗಲಾ ಹಾಕ್ಕೊಂಡು ಕುಂದ್ರಲಿಕ್ಕ."

ಮೊದಲು ನಾನು ವಕೀಲ ಭೀಮಸೇನರಾಯರ ಮನೆಗೆ ಹೋದೆ. ಎಂಟು ಕಿಟಕಿಯ ಮನೆ. ನನ್ನ ಗಾಳಿ ಪಡಸಾಲೆಯಲ್ಲಿ ಹಾಯ್ದು ಹಿತ್ತಲಿನಿಂದ ಆರಾಮಾಗಿ ಹೊರಬೀಳುತ್ತಿತ್ತು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ, ನಾನು ಮಾತ್ರ ತುಂಬಿದಾಗಲೂ ತುಳುಕಿ ನೆಲವೆಲ್ಲ ರಾಡಿ ಮಾಡುತ್ತಿದ್ದೆ. ರಾಯರ ಹೆಂಡತಿಗೆ ಅದಕ್ಕಿಂತ ನನ್ನ ಗಂಟಲಿನ ಮೇಲೆ ಸಿಟ್ಟು. "ಏನ್ ಸಪ್ಪಳ್ರೀ ಇದರದು! ಹಿಟ್ಟಿನ ಗಿರಣಿ ತಂದು ಮನ್ಯಾಗ ಇಟ್ಟಂಗ ಆಗ್ಯದ" ಎನ್ನುತ್ತಿದ್ದರು. ನಾಲ್ಕು ಬೇಸಿಗೆ ಬೈಸಿಕೊಂಡು ದುಡಿದೆ. ಐದನೆಯದಕ್ಕೆ ಅವರು ಏಸಿ ಹಾಕಿಸಿದರು, ನಾನು ಕೈಗಾಡಿ ಹತ್ತಿ ಚಾಂದಪಾಷಾನ ಶೆಡ್ಡಿಗೆ ಮರಳಿದೆ. ಅವನು ಹುಲ್ಲು ಬದಲಿಸಿ, ಹಸಿರು ಬಣ್ಣ ಬಳಿದು ಮತ್ತೆ ಮಾರಾಟಕ್ಕೆ ಇಟ್ಟ. ಬಣ್ಣ ಬಳಿದರೆ ಯಾರಿಗಾದರೂ ಸ್ವಲ್ಪ ಸೊಕ್ಕು ಬರುತ್ತದೆ, ನನಗೂ ಬಂದಿತ್ತು.

ಮಾರ್ಚ್ ಕೊನೆಯಲ್ಲಿ ಮಹಾನಂದಾ ಬಂದಳು. ಮೂವತ್ತೈದರ ಆಚೀಚೆಯ ಹೆಂಗಸು. ಮೊಣಕೈವರೆಗೆ ಸುಟ್ಟ ಕಲೆ, ಉಗುರಿನಲ್ಲಿ ಜೋಳದ ಹಿಟ್ಟು. ಜೊತೆಗೆ ಪಕ್ಕದ ಮನೆಯ ರುಕ್ಮಾಬಾಯಿ. ಶೆಡ್ಡಿನಲ್ಲಿ ಆ ದಿನ ಮೂವರಿದ್ದೆವು: ಹೊಸದೊಂದು ಪ್ಲಾಸ್ಟಿಕ್ ಕೂಲರ್, ಎಲ್ಲಿಂದಲೋ ಬಂದ ಹಳೆಯ ಕಿಟಕಿ ಏಸಿ, ಮತ್ತು ನಾನು.

"ನಮ್ಮ ಮನ್ಯಾಗಿನವರಿಗಿ ಬೆವರ ಬರಂಗಿಲ್ಲ, ಪಾಷಾಭಾಯಿ," ಎಂದಳು ಮಹಾನಂದಾ. "ಅದಕ್ಕ ಏನ್ ತೊಗೋಬೇಕು, ನೀನೇ ಹೇಳು."

ಅವಳ ಗಂಡ ಅಣವೀರಪ್ಪ ಮನೆಗಳಿಗೆ ಬಣ್ಣ ಹಚ್ಚುವವನು. ಎರಡು ವರ್ಷದ ಹಿಂದೆ ಮೂರನೇ ಮಹಡಿಗೆ ಕಟ್ಟಿದ್ದ ಬಂಬಿನ ಅಟ್ಟಣಿಗೆಯಿಂದ ಬಿದ್ದು ಕುತ್ತಿಗೆಯ ಎಲುಬು ಮುರಿದಿತ್ತು. ಎದೆಯಿಂದ ಕೆಳಗೆ ಮೈ ಅಲುಗುವುದಿಲ್ಲ, ಮೈಯಲ್ಲಿ ಬೆವರೂ ಒಡೆಯುವುದಿಲ್ಲ. ಬೆವರಿಲ್ಲದ ಮೈಯಲ್ಲಿ ಹೊಕ್ಕ ಬಿಸಿ ಹೊರಗೆ ಹೋಗದು, ಜ್ವರದಂತೆ ಏರುತ್ತಲೇ ಇರುತ್ತದೆ. ಹಿಂದಿನ ಬೇಸಿಗೆಯಲ್ಲಿ ಒಮ್ಮೆ ಹಾಗಾಗಿ ದವಾಖಾನೆಗೆ ಹೊತ್ತೊಯ್ದಿದ್ದರು. "ಇನ್ನೊಮ್ಮಿ ಹಿಂಗಾದ್ರ ಉಳಿಯೋದು ಕಷ್ಟ, ತಂಪಿನ್ಯಾಗ ಇಡ್ರಿ" ಎಂದಿದ್ದರಂತೆ ಡಾಕ್ಟರು.

ಚಾಂದಪಾಷಾ ಬಹಳ ಹೊತ್ತು ಗಡ್ಡ ತುರಿಸಿದ. ಪ್ಲಾಸ್ಟಿಕ್ಕಿನದು ಕಲಬುರಗಿಯ ಮೇ ತಿಂಗಳಿಗೆ ಆಟಿಕೆ ಸಾಮಾನು ಎಂದ. ಏಸಿಯ ಬೆನ್ನು ತಟ್ಟಿ, "ಇದು ಪಸಂದ್ ಅದ ಅಕ್ಕಾ. ಬಾಗಲಾ ಹಾಕಿಟ್ಟು ಒಣ ತಂಪು ಕೊಡ್ತದ. ಆದ್ರ ನಿಮ್ಮ ಮನಿ ವೈರು ತಡೀಬೇಕಲ್ಲ? ಮತ್ತ ತಿಂಗಳ ಬಿಲ್ಲು ನೋಡಿದ್ರ ನಿಮಗ ಬೆವರ ಬರ್ತದ" ಎಂದ. ಮಹಾನಂದಾ ಆ ಏಸಿಯ ಮೇಲೆ ಕೈ ಇಟ್ಟು ನಿಂತಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ರುಕ್ಮಾಬಾಯಿ ಪಿಸುಗುಟ್ಟಿದಳು. ಕೊನೆಗೆ ಆ ಕೈ ಅಲ್ಲಿಂದ ಎದ್ದು ನನ್ನ ತಲೆಯ ಮೇಲೆ ಬಂತು. ನನಗೆ ಆದ ಸಂತೋಷ ನೆನೆದರೆ ಇವತ್ತು ನಾಚಿಕೆಯಾಗುತ್ತದೆ.

ಚಾಂದಪಾಷಾ ಕಿಟಕಿ ಎಷ್ಟಿವೆ ಎಂದು ಕೇಳಿದ. ಬಾಗಿಲು ಎಲ್ಲಿದೆ, ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದೂ ಕೇಳಿದ. ಮನೆಯಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಮಾತ್ರ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಕೂಲರಿಗೂ ರೊಟ್ಟಿಗೂ ಏನು ಸಂಬಂಧ ಎಂದು ಯಾರಿಗೆ ತಾನೇ ಹೊಳೆದೀತು?

ಅದು ಒಂದರ ಹಿಂದೆ ಒಂದು ಎರಡು ಖೋಲಿಗಳ ಬಾಡಿಗೆ ಮನೆ. ಕಲ್ಲಿನ ಗೋಡೆ, ಮೇಲೆ ಶಹಾಬಾದಿ ಪರಸಿಗಲ್ಲಿನ ಛತ್ತು. ಹಿಂದಿನ ಖೋಲಿಯಲ್ಲಿ ಒಂದೇ ಕಿಟಕಿ, ಅಲ್ಲಿ ನನ್ನನ್ನು ಕೂಡಿಸಿದರು. ಅದರ ಪಕ್ಕದಲ್ಲೇ ಅಣವೀರಪ್ಪನ ಮಂಚ. ಆ ಖೋಲಿಗೆ ಇದ್ದ ಒಂದೇ ಬಾಗಿಲು ಮುಂದಿನ ಖೋಲಿಗೆ ತೆರೆಯುತ್ತಿತ್ತು. ಮುಂದಿನ ಖೋಲಿಯಲ್ಲಿ ಎರಡು ಒಲೆ. ಮಹಾನಂದಾ ಮತ್ತು ರುಕ್ಮಾಬಾಯಿ ಅಲ್ಲಿ ಬೆಳಗಿನಿಂದ ಮೂರು ಗಂಟೆಯವರೆಗೆ ಖಡಕ್ ರೊಟ್ಟಿ ಬಡಿದು, ಸುಟ್ಟು, ಬಟ್ಟೆಯ ಮೇಲೆ ಒಣಗಲು ಹರವಿ ಖಾನಾವಳಿಗಳಿಗೆ ಕೊಡುತ್ತಿದ್ದರು. ಅಣವೀರಪ್ಪನ ಔಷಧ, ಬಾಡಿಗೆ, ಊಟ ಎಲ್ಲವೂ ಆ ರೊಟ್ಟಿಯಿಂದಲೇ ಹುಟ್ಟುತ್ತಿತ್ತು.

ಮೊದಲ ದಿನ ಬಾಗಿಲು ತೆರೆದೇ ಇತ್ತು. ನನ್ನ ಗಾಳಿ ಅಣವೀರಪ್ಪನ ಎದೆ ಸವರಿ, ಮುಂದಿನ ಖೋಲಿ ದಾಟಿ ಬೀದಿಗೆ ಹೋಯಿತು. ಅವನು ಕಣ್ಣು ಮುಚ್ಚಿ ನಕ್ಕ. "ಏ ಮಾನಂದಾ, ಮಹಾಬಳೇಶ್ವರಕ್ಕ ಬಂದಂಗ ಅದ ನೋಡು" ಎಂದ. ಮೈ ಬಿದ್ದುಹೋದರೂ ಅವನ ನಾಲಗೆಯ ತುಂಟತನ ಹೋಗಿರಲಿಲ್ಲ. ನನಗೆ ಪೈಲ್ವಾನ ಎಂದು ಹೆಸರಿಟ್ಟ, ಬರೀ ಬಾಯಿ ದೊಡ್ಡದು ಎಂದೂ ಸೇರಿಸಿದ. ಅವನ ದನಿ ಬಹಳ ಸಣ್ಣದು. ಬಿದ್ದ ಮೇಲೆ ಎದೆಗೆ ಉಸಿರು ಎಳೆಯುವ ಶಕ್ತಿ ಕಡಿಮೆಯಾಗಿತ್ತು.

ಮೂರನೆಯ ದಿನ ಖಾನಾವಳಿಯ ಮಾಲಕ ರೊಟ್ಟಿಯ ಗಂಟನ್ನು ಹಾಗೇ ವಾಪಸ್ಸು ತಂದು ಹೊಸ್ತಿಲ ಮೇಲೆ ಇಟ್ಟ. ಒಂದು ರೊಟ್ಟಿ ತೆಗೆದು ಮಡಚಿ ತೋರಿಸಿದ. ಅದು ಮುರಿಯಲಿಲ್ಲ, ಕರವಸ್ತ್ರದಂತೆ ಮಡಚಿಕೊಂಡಿತು.

"ಇದು ಖಡಕ್ ರೊಟ್ಟಿ ಏನ್ ಮಾನಂದಕ್ಕಾ, ಚಪಾತಿ? ಮಂದಿ ನನ್ನ ಮಾರಿ ಮ್ಯಾಲ ಒಗೀತಾರ. ನಾಳಿಗಿ ಹಿಂಗ ಆದ್ರ ಬ್ಯಾರೆ ಕಡೆ ನೋಡ್ಕೋತೀನಿ."

ತಪ್ಪು ನನ್ನದೇ. ನನ್ನ ಒದ್ದೆ ಗಾಳಿ ಆ ಬಾಗಿಲಿನಿಂದ ಹೋಗುವಾಗ ಹರವಿದ ರೊಟ್ಟಿಗಳ ಮೇಲೆಲ್ಲ ಕೂತು ಹೋಗಿತ್ತು. ಅತ್ತ ದರಿ ಇತ್ತ ಪುಲಿ ಎಂಬಂತಾಯಿತು ಮಹಾನಂದಾಳಿಗೆ. ಬಾಗಿಲು ತೆರೆದರೆ ರೊಟ್ಟಿ ಮೆತ್ತಗಾಗುತ್ತದೆ, ಹಾಕಿದರೆ ಗಂಡನ ಖೋಲಿ ಕುದಿಯುತ್ತದೆ. ಅವಳು ಮಾಡದ ಉಪಾಯವಿಲ್ಲ. ರೊಟ್ಟಿಗಳ ಸುತ್ತ ಪ್ಲಾಸ್ಟಿಕ್ ಕಟ್ಟಿದಳು, ಒಳಗೇ ಆವಿಯಾಡಿ ಇನ್ನೂ ಕೆಟ್ಟವು. ಬಾಗಿಲನ್ನು ಅರ್ಧ ತೆರೆದಳು, ಇತ್ತ ಇವನಿಗೂ ಸಾಲಲಿಲ್ಲ, ಅತ್ತ ರೊಟ್ಟಿಯೂ ಉಳಿಯಲಿಲ್ಲ. ಚಾಂದಪಾಷಾ ಬಂದು ನೋಡಿ ಹಣೆ ಚಚ್ಚಿಕೊಂಡ.

"ರೊಟ್ಟಿ ಬಡಿಯೋದು ಮೊದಲೇ ಹೇಳಬೇಕಿಲ್ಲೇನ್ ಅಕ್ಕಾ? ಏಸಿ ನಿನ್ನೇನೇ ಹೋಯ್ತು. ಈಗ ಒಂದೇ ದಾರಿ, ಹಿಂದಿನ ಗ್ವಾಡಿಗಿ ಒಂದು ಕಿಂಡಿ ಒಡಸು."

ಅವಳು ಮನೆ ಮಾಲಕನ ಬಾಗಿಲಿಗೆ ಮೂರು ಸಲ ಹೋದಳು. ಕಲ್ಲಿನ ಗೋಡೆ, ಒಂದು ಕಲ್ಲು ಕಿತ್ತರೆ ಛತ್ತೇ ಕುಸಿಯುತ್ತದೆ, ಮಳೆಗಾಲ ಕಳೆಯಲಿ ನೋಡೋಣ ಎಂದು ಅವನು ಮೂರು ಸಲವೂ ಹೇಳಿದ. ಮಳೆಗಾಲ ಕಳೆದ ಮೇಲೆ ಕಿಂಡಿ ಯಾರಿಗೆ ಬೇಕು?

ಕೊನೆಗೆ ತೀರ್ಪು ಕೊಟ್ಟವನು ಅಣವೀರಪ್ಪನೇ. ಒಂದು ಬೆಳಿಗ್ಗೆ ಅವಳು ಬಾಗಿಲ ಬಳಿ ನಿಂತು ಹಿಂದೆ ಮುಂದೆ ನೋಡುತ್ತಿದ್ದಾಗ ಅವನು ಅಂದ:

"ಹಾಕು ಬಾಗಲಾ. ರೊಟ್ಟಿ ಉಳದ್ರ ನಾ ಉಳೀತೀನಿ."

"ಕಾವು ಆಗಂಗಿಲ್ಲೇನ್ರಿ?"

"ಪೈಲ್ವಾನ ಇದ್ದಾನಲ್ಲ. ಹಾಕು."

ಅವಳು ಹಾಕಿದಳು. ಅರ್ಧ ಗಂಟೆಗೊಮ್ಮೆ ಎದ್ದು ಬಂದು ಒದ್ದೆ ಬಟ್ಟೆಯಿಂದ ಅವನ ಮೈ ಒರೆಸಿ, ತಣ್ಣೀರು ಕುಡಿಸಿ ಹೋಗುತ್ತಿದ್ದಳು. ತಂಪದ ಏನ್ರಿ ಎಂದು ಕೇಳಿದರೆ ತಂಪದ ಎನ್ನುತ್ತಿದ್ದ. ಸುಳ್ಳು. ತೇವ ತುಂಬಿದ ಗಾಳಿಯಲ್ಲಿ ಮೈಮೇಲಿನ ನೀರು ಆರುವುದಿಲ್ಲ, ಆರದೆ ತಂಪಾಗುವುದಿಲ್ಲ. ಗೋಡೆ ಬೆವರುತ್ತಿತ್ತು, ಮಂಚದ ಕಬ್ಬಿಣ ಬೆವರುತ್ತಿತ್ತು, ಅವನೊಬ್ಬ ಬೆವರುತ್ತಿರಲಿಲ್ಲ. ಮೂರು ಗಂಟೆಗೆ ಬಾಗಿಲು ತೆರೆದಾಗ ಅವನ ಮುಖ ಕೆಂಪಗೆ ಉರಿಯುತ್ತಿರುತ್ತಿತ್ತು. ಆಮೇಲೆ ನಾನು ನನ್ನ ಕೈಲಾದಷ್ಟು ಊದಿ ಅವನ ಮೈಕಾವನ್ನು ಸಂಜೆಯ ಹೊತ್ತಿಗೆ ಇಳಿಸುತ್ತಿದ್ದೆ. ಏಪ್ರಿಲ್ ಹೀಗೇ ಕಳೆಯಿತು. ಇಂಥ ಮನೆಗೆ ಬೇಕಾದದ್ದು ಆ ಏಸಿ, ನಾನಲ್ಲ ಎಂದು ನನಗೆ ದಿನವೂ ಅನಿಸುತ್ತಿತ್ತು. ಅನಿಸಿ ಏನು ಮಾಡಲಿ, ಗುಂಡಿ ಒತ್ತಿದರೆ ತಿರುಗಲೇಬೇಕು.

ಮೇ ಮೂರನೇ ವಾರ ಒಂದು ಮದುವೆಗೆ ಸಾವಿರ ರೊಟ್ಟಿಯ ಆರ್ಡರು ಬಂತು. ಅಷ್ಟು ದೊಡ್ಡದು ಅವಳಿಗೆ ಎಂದೂ ಬಂದಿರಲಿಲ್ಲ. "ಇದು ಆಗಲಿ, ಮುಂದಿನ ವರ್ಷ ಬ್ಯಾರೆ ಮನಿ ನೋಡಮು, ಎರಡು ಬಾಗಲದ್ದು" ಎಂದಳು ಗಂಡನಿಗೆ. ಅವನು, "ಕಿಟಕಿ ನಾಕು ಇರಲಿ, ಪೈಲ್ವಾನಗ ಹವಾ ಬೇಕು" ಎಂದ.

ಆರ್ಡರಿನ ಕೊನೆಯ ದಿನ ಮಧ್ಯಾಹ್ನ ಮೋಡ ಕವಿಯಿತು. ಕಲಬುರಗಿಯವರಿಗೆ ಗೊತ್ತು, ಮಳೆ ಬಾರದ ಮೋಡ ಬಿಸಿಲಿಗಿಂತ ಕೆಟ್ಟದ್ದು. ಹೊರಗಿನ ಗಾಳಿಯೇ ಹಬೆಯಾಗಿತ್ತು. ಅಂಥ ಗಾಳಿಯನ್ನು ನಾನು ಎಷ್ಟು ಎಳೆದರೂ ಬಿಸಿ ನೀರು ಎರಚಿದಂತೆಯೇ. ಒಂದು ಗಂಟೆಗೆ ಮಹಾನಂದಾ ಬಂದು ಮೈ ಒರೆಸಿದಳು. ತಂಪದ ಎಂದ. ಒಂದೂವರೆಗೆ ಬರಬೇಕಿತ್ತು. ಬಾಗಿಲಿನ ಆಚೆಯಿಂದ ಅವಳ ಮಾತು ಕೇಳಿಸಿತು:

"ಇಷ್ಟ ಹಿಟ್ಟು ನಾದೀನಿ ರುಕ್ಮಕ್ಕಾ, ಮುಗಿಸೇ ಏಳ್ತೀನಿ. ಬಿಟ್ರ ಬಿರೀತದ."

ಆಗ ಅವನು ಕರೆದ. "ಮಾನಂದಾ." ಅವನ ದನಿ ಮಂಚದ ಅಂಚಿಗೂ ಮುಟ್ಟಲಿಲ್ಲ. ನನ್ನ ಫ್ಯಾನು ಗುಡುಗುತ್ತಿತ್ತು, ಆಚೆ ರೊಟ್ಟಿ ಬಡಿಯುವ ಸಪ್ಪಳ. ಸ್ವಲ್ಪ ತಡೆದು ಮತ್ತೆ ಕರೆದ. ನಿಲ್ಲಬೇಕು, ಒಂದು ಗಳಿಗೆ ನಿಂತುಬಿಡಬೇಕು ಎಂದು ನಾನು ಎಷ್ಟು ಹಂಬಲಿಸಿದೆನೋ ದೇವರೇ ಬಲ್ಲ. ದಿನಕ್ಕೆ ನಾಲ್ಕು ಸಲ ಹೋಗುವ ಕರೆಂಟು ಆ ದಿನ ಹೋಗಲಿಲ್ಲ. ಮೂರನೆಯ ಸಲ ಅವನು ಕರೆದಾಗ ತುಟಿ ಮಾತ್ರ ಅಲುಗಿತು. ಆಮೇಲೆ ಕಣ್ಣುಗಳು ಮೇಲಕ್ಕೆ ಹೋದವು.

ಎರಡೂಕಾಲು ಗಂಟೆಗೆ ಅವಳು ಬಾಗಿಲು ತೆರೆದಳು. ಕೈ ತುಂಬ ಹಿಟ್ಟು ಇತ್ತು, ಆ ಕೈಯಲ್ಲೇ ಅವನ ಕೆನ್ನೆ ಹಿಡಿದಳು. ಕೆನ್ನೆ ಹಂಚಿನಂತೆ ಸುಡುತ್ತಿತ್ತು. ರುಕ್ಮಾಬಾಯಿ ಓಡಿಬಂದು ನನ್ನ ವೈರು ಕಿತ್ತಳು. ಖೋಲಿಯಲ್ಲಿ ಒಮ್ಮೆಲೇ ಸದ್ದಡಗಿತು. ಅಷ್ಟು ಹೊತ್ತು ಬೇಕಾಗಿದ್ದ ಮೌನ ಅದು, ಅವಳ ಅಳುವಿಗೆ ಬಂತು.

ಬಂದ ಮಂದಿಯೆಲ್ಲ ಒಂದೇ ಮಾತು ಹೇಳಿದರು: ನಿದ್ದೆಯಲ್ಲೇ ಹೋದ, ಪುಣ್ಯವಂತ. ಸಂಜೆ ಮದುವೆಯವರು ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತರು. ರುಕ್ಮಾಬಾಯಿಯೇ ಎಣಿಸದೆ ಗಂಟುಗಳನ್ನು ಎತ್ತಿಕೊಟ್ಟಳು. ರೊಟ್ಟಿಗಳು ಚೆನ್ನಾಗಿ ಖಡಕ್ಕಾಗಿದ್ದವು.

ಆಮೇಲೆ ಮೂರು ಬೇಸಿಗೆ ನಾನು ಅದೇ ಕಿಟಕಿಯಲ್ಲಿ ಸುಮ್ಮನೆ ಕೂತಿದ್ದೆ. ನನ್ನನ್ನು ಹಚ್ಚುವವರಿರಲಿಲ್ಲ, ತೆಗೆಯುವವರೂ ಇರಲಿಲ್ಲ. ಹುಲ್ಲು ಧೂಳಾಗಿ ಉದುರಿತು, ತೊಟ್ಟಿಯ ತಳ ತುಕ್ಕು ಹಿಡಿದು ಜಾಲರಿಯಾಯಿತು. ಮಂಚ ತೆಗೆದ ಜಾಗದಲ್ಲಿ ಅವಳು ರೊಟ್ಟಿ ಹರವತೊಡಗಿದಳು. ಅವಳೂ ಅದೇ ಕಾವಿನಲ್ಲಿ ಬೆಂದಳು, ಒಂದು ದಿನವೂ ನನ್ನ ಗುಂಡಿ ಮುಟ್ಟಲಿಲ್ಲ. ಎರಡು ಬಾಗಿಲಿನ ಮನೆಯ ಮಾತು ಮತ್ತೆ ಬರಲಿಲ್ಲ.

ಮೊನ್ನೆ ಚಾಂದಪಾಷಾ ಬಂದ. ಈಗ ಅವನ ಗಡ್ಡ ಬೆಳ್ಳಗಾಗಿದೆ. ಮೋಟಾರು ಬಿಚ್ಚಿಕೊಂಡು ತಗಡನ್ನು ಗುಜರಿಗೆ ಹಾಕುತ್ತೇನೆ ಎಂದ. ಅವಳು ಹೂಂ ಎಂದಳು. ಅವನು ಸ್ಕ್ರೂ ಬಿಚ್ಚುತ್ತಿದ್ದಾಗ ಬಾಗಿಲಿಗೆ ಒರಗಿ ನಿಂತು ಕೇಳಿದಳು:

"ಪಾಷಾಭಾಯಿ, ಆವತ್ತ ಬಾಗಲಾ ತೆರದಿದ್ರ ಉಳೀತಿದ್ರೇನು?"

ಚಾಂದಪಾಷಾ ಸ್ಕ್ರೂವಿನಿಂದ ತಲೆ ಎತ್ತಲಿಲ್ಲ. "ಇಲ್ಲಕ್ಕಾ. ಆವತ್ತಿನ ಹವಾನೇ ಹಂಗಿತ್ತು. ತೆರದ್ರೂ ಅಷ್ಟೇ, ಹಾಕಿದ್ರೂ ಅಷ್ಟೇ."

ಅವಳು ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಸೆರಗಿನಿಂದ ಕೈಯ ಹಿಟ್ಟು ಒರೆಸುತ್ತ, "ನಿದ್ದ್ಯಾಗ ಹೋದ್ರು, ಅದೊಂದು ಚೊಲೊ ಆತು," ಎಂದಳು. "ಎಚ್ಚರ ಇದ್ದಿದ್ರ ನನ್ನ ಕರೀತಿದ್ರು. ಕರದಿದ್ರ ನಾ ಹಿಟ್ಟು ಬಿಟ್ಟು ಓಡಿ ಬರ್ತಿದ್ದೆ."

ಈಗ ನಾನು ಗುಜರಿ ಅಂಗಡಿಯ ಹಿಂದೆ ಮಡಚಿ ಬಿದ್ದಿದ್ದೇನೆ. ಮೋಟಾರಿಲ್ಲ, ಪಂಪಿಲ್ಲ, ಸಪ್ಪಳವೂ ಇಲ್ಲ. ಬಾಯಿ ದೊಡ್ಡದು ಎಂದು ಜನ್ಮವೆಲ್ಲ ಬೈಸಿಕೊಂಡೆ, ಮಾತು ಮಾತ್ರ ಒಂದೂ ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದು. ಬರುತ್ತಿದ್ದರೆ ಮೊನ್ನೆ ಅವಳ ಮುಂದೆ ಬಾಯಿ ತಪ್ಪಿ ಹೇಳಿಬಿಡುತ್ತಿದ್ದೆ: ತಾಯೀ, ಅವನು ಕರೆದಿದ್ದ, ಮೂರು ಸಲ.