ಕಪ್ಪು ಅಸ್ತರು

ಅವರು ನೆಮ್ಮದಿಯಾಗಿ ಕೂತದ್ದನ್ನು ನಾವು ಯಾರೂ ಕಂಡವರಲ್ಲ. ಗಿರಾಕಿಯ ನೆರಳು ಅಂಗಡಿಯ ಮೆಟ್ಟಿಲಿನ ಮೇಲೆ ಬಿತ್ತೋ ಇಲ್ಲವೋ, ಹೊಲಿಗೆ ಮಿಷನ್ನಿನ ಮುಂದಿನ ಸ್ಟೂಲಿನಿಂದ ತಟ್ಟನೆ ಎದ್ದು, ಕೊರಳಿನಿಂದ ಇಳಿಬಿದ್ದ ಅಳತೆಯ ಟೇಪನ್ನು ಎರಡೂ ಕೈಗಳಿಂದ ಸರಿಪಡಿಸಿಕೊಂಡು, ತಲೆಯನ್ನು ತುಸುವೇ ಬಾಗಿಸಿ "ಬನ್ನಿ, ಬನ್ನಿ" ಎನ್ನುತ್ತಿದ್ದರು. ಬಂದವನು ಬೆಂಚಿನ ಮೇಲೆ ಆರಾಮಾಗಿ ಕೂತು, ಲೋಕಾಭಿರಾಮವಾಗಿ ಹರಟಿ, ಎದ್ದು ಹೋಗುವವರೆಗೂ ಬಟ್ಟೆ ಕತ್ತರಿಸುವ ಮೇಜಿಗೆ ಸೊಂಟ ಆನಿಸಿಕೊಂಡು ನಿಂತೇ ಇರುತ್ತಿದ್ದರು. ದೊಡ್ಡವರು ಬರಲಿ, ಚಿಕ್ಕವರು ಬರಲಿ, ಕಿತ್ತುಹೋದ ಗುಂಡಿ ಹಾಕಿಸಿಕೊಳ್ಳಲು ಬಂದ ಶಾಲೆಯ ಹುಡುಗಿಯೇ ಬರಲಿ, ಈ ಎದ್ದು ನಿಲ್ಲುವ ಮರ್ಯಾದೆ ತಪ್ಪುತ್ತಿರಲಿಲ್ಲ. ಇಂಥ ವಿನಯಸಂಪನ್ನ ದರ್ಜಿ ದೀಪ ಹಚ್ಚಿ ಹುಡುಕಿದರೂ ಸಿಗುವುದಿಲ್ಲವೆಂದು ಬೀದಿಯೆಲ್ಲ ಕೊಂಡಾಡುತ್ತಿತ್ತು. ಆ ಕೊಂಡಾಟಕ್ಕೆ ನಾನೂ ದನಿಗೂಡಿಸಿದವನೇ. ಆ ವಿನಯಕ್ಕೆ ಕಾರಣ ಬೇರೆಯೇ ಇತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಎಲ್ಲರಿಗೂ ಅವರು ಟೈಲರ್ ಮಾಸ್ತರು. ಕೃಶವಾದ ಮೈ, ಬೂದು ಬಣ್ಣದ ತೋಳಿಲ್ಲದ ಕೋಟು, ಕೋಟಿನ ಎದೆಯ ಮೇಲೆ ಗುಂಡುಪಿನ್ನುಗಳ ಸಾಲು. ತುಟಿಯ ಒಂದು ಮೂಲೆಯಲ್ಲಿ ಸದಾ ಒಂದೆರಡು ಪಿನ್ನು ಕಚ್ಚಿಕೊಂಡಿರುತ್ತಿದ್ದುದರಿಂದ ಮಾತು ಇನ್ನೊಂದು ಮೂಲೆಯಿಂದ ಮಾತ್ರ ಹೊರಬರುತ್ತಿತ್ತು. ನಡಿಗೆಯೋ, ಒದ್ದೆ ನೆಲದ ಮೇಲೆ ಕಾಲಿಡುವವರ ಸಣ್ಣ ಸಣ್ಣ ಹೆಜ್ಜೆಯ ನಡಿಗೆ. ಯಾರು ಯಾವ ತೊಂದರೆ ಹೇಳಿಕೊಂಡರೂ ಅವರ ಉತ್ತರ ಒಂದೇ: "ಅದಕ್ಕೇನಂತೆ!" ಹೊಟ್ಟೆ ಮುಂದೆ ಬಂದು ಪ್ಯಾಂಟು ಹಿಡಿಯುತ್ತಿದೆಯೇ? "ಅದಕ್ಕೇನಂತೆ, ಹೊಲಿಗೆ ಬಿಚ್ಚಿ ಸಡಿಲ ಮಾಡಿದರಾಯ್ತು." ಗಿರಾಕಿಗೆ ತಿಳಿಯದಂತೆ ಪ್ರತಿಯೊಂದು ಪ್ಯಾಂಟಿನ ಒಳಗೂ ಒಂದಿಷ್ಟು ಬಟ್ಟೆ ಮಡಿಸಿ ಉಳಿಸಿಡುವುದು ಅವರ ಪದ್ಧತಿ. ಮನುಷ್ಯನ ಶರೀರ ಇಂದು ಇದ್ದಂತೆ ನಾಳೆ ಇರುವುದಿಲ್ಲವೆಂಬ ಸತ್ಯ ಅವರಿಗೆ ಕರತಲಾಮಲಕವಾಗಿತ್ತು, ಆದರೆ ಬೇರೆಯವರ ಶರೀರದ ವಿಷಯದಲ್ಲಿ ಮಾತ್ರ.

ಒಂದು ಬೆಳಿಗ್ಗೆ ಪಾಯಿಖಾನೆಯ ಬಿಳಿ ಪಿಂಗಾಣಿಯ ಮೇಲೆ ಕೆಂಪು ಹನಿಗಳನ್ನು ಕಂಡು ಮಾಸ್ತರು ಬೆದರಿಹೋದರು. ನೋವಿಗೆ ಅಂಜುವ ಜೀವವಲ್ಲ ಅದು; ಮಿಷನ್ನಿನ ಸೂಜಿ ಬೆರಳುಗುರನ್ನು ತೂರಿಕೊಂಡು ಹೋದಾಗಲೂ ಚಿಂದಿ ಸುತ್ತಿಕೊಂಡು ಹಿಡಿದ ಕೆಲಸ ಮುಗಿಸಿದವರು. ಅಂಜಿಸಿದ್ದು ನೆನಪು. ಅವರಿಗೆ ಕಸುಬು ಕಲಿಸಿದ ಅಣ್ಣ ಇದೇ ಅಂಗಡಿಯಲ್ಲಿ, ಇದೇ ಸ್ಟೂಲಿನ ಮೇಲೆ ಕೂತು, "ಮೂಲವ್ಯಾಧಿ ಕಣೋ, ಕೂತು ದುಡಿಯೋರಿಗೆ ಇದ್ದದ್ದೇ" ಎಂದುಕೊಂಡು ಯಾರೋ ಹೇಳಿದ ಮುಲಾಮು ಹಚ್ಚಿಕೊಳ್ಳುತ್ತ ಕಾಲ ತಳ್ಳಿದ್ದರು. ಅದು ಮೂಲವ್ಯಾಧಿಯಾಗಿರಲಿಲ್ಲ. ಕರುಳಿನಲ್ಲಿ ಗಡ್ಡೆ ಬೆಳೆದಿತ್ತು. ಆಸ್ಪತ್ರೆಯವರು ಕಂಡುಹಿಡಿಯುವ ಹೊತ್ತಿಗೆ ಕೈಮೀರಿತ್ತು. ಹೀಗಾಗಿ ತಮ್ಮನಿಗೆ ಬಿಸಿ ತುಪ್ಪದ ಸ್ಥಿತಿ, ನುಂಗುವಂತಿಲ್ಲ, ಉಗುಳುವಂತಿಲ್ಲ. ಮೂಲವ್ಯಾಧಿಯೇ ಆಗಿದ್ದರೆ ಅಂಥ ಜಾಗವನ್ನು ಯಾರ ಮುಂದೆ ತೋರಿಸುವುದೆಂಬ ನಾಚಿಕೆ. ಅಲ್ಲವೆಂದಾದರೆ ಅಣ್ಣ ಹೋದ ದಾರಿ. ಎರಡರಲ್ಲಿ ಯಾವುದೆಂದು ತಿಳಿಯದೆ ಇರುವುದೇ ವಾಸಿಯೆಂದು ಅವರು ತೀರ್ಮಾನಿಸಿಬಿಟ್ಟರು.

ತೀರ್ಮಾನಿಸಿದ ಮೇಲೆ ಸುಮ್ಮನಿರುವುದುಂಟೇ? ಹೊಲಿಯಬಲ್ಲವನು ಯಾವ ಆಪತ್ತಿಗೂ ಏನನ್ನಾದರೂ ಹೊಲಿಯುತ್ತಾನೆ. ಮೊದಲು ನಡುವೆ ತೂತಿರುವ ದುಂಡನೆಯ ದಿಂಬು, ಅದು ಒಗ್ಗದಿದ್ದಾಗ ಕುದುರೆಯ ಲಾಳದಾಕಾರದ ಇನ್ನೊಂದು ದಿಂಬು. ಎರಡರಲ್ಲಿ ಯಾವುದರ ಮೇಲೆ ಕೂತರೂ ಭಾರವೆಲ್ಲ ಆ ಜಾಗಕ್ಕೇ ಇಳಿದು ನೋವು ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ. ಪಾಯಿಖಾನೆಗೆ ಹೋಗುವ ಭಯಕ್ಕೆ ಊಟ ಅರ್ಧಕ್ಕಿಳಿಯಿತು, ಪದೇ ಪದೇ ಅತ್ತ ಹೋಗುವುದು ಬೇಡವೆಂದು ನೀರೂ ಕಡಿಮೆಯಾಯಿತು. ಹೋದದ್ದೇ ಆದರೆ ಒಳಗೇ ವಾಸ, ತಿಣುಕಿ ತಿಣುಕಿ ಕಣ್ಣಲ್ಲಿ ನೀರು. ಕೊನೆಯದಾಗಿ, ತಮ್ಮ ಪ್ಯಾಂಟುಗಳನ್ನೆಲ್ಲ ಬಿಚ್ಚಿ, ಹಿಂಭಾಗದ ಒಳಗೆ ದಪ್ಪನೆಯ ಕಪ್ಪು ಅಸ್ತರು ಕೊಟ್ಟು ಹೊಲಿದುಕೊಂಡರು. ರಕ್ತ ಬಂದರೂ ಯಾರಿಗೂ ಕಾಣುವಂತಿಲ್ಲ, ಮುಖ್ಯವಾಗಿ ಅವರಿಗೇ ಕಾಣುವಂತಿಲ್ಲ. ಆ ಪ್ಯಾಂಟುಗಳನ್ನು ಒಗೆಯುವ ಕೆಲಸವನ್ನೂ ತಾವೇ ವಹಿಸಿಕೊಂಡರು.

ಅಲ್ಲೇ ಅವರು ಎಡವಿದ್ದು. ಮದುವೆಯಾದಾಗಿನಿಂದ ಒಂದು ಕರವಸ್ತ್ರವನ್ನೂ ಹಿಂಡದ ಗಂಡ ಹಿತ್ತಲ ಕಲ್ಲಿನ ಮುಂದೆ ಬಗ್ಗಿ ನಿಂತರೆ ಯಾವ ಹೆಂಡತಿಗೆ ಅನುಮಾನ ಬರುವುದಿಲ್ಲ?

"ಏನ್ರೀ ಇದು? ಇಷ್ಟು ವರ್ಷ ನಾನು ಒಗೆದದ್ದು ಕೊಳೆ ಹೋಗಿರಲಿಲ್ವಾ?"

"ಹಾಗಲ್ಲ ಕಣೇ, ನಿನಗೆ ಸೊಂಟನೋವು ಅಂತ..."

"ನನ್ನ ಸೊಂಟ ಈಗ ಕಣ್ಣಿಗೆ ಬಿತ್ತಾ ನಿಮಗೆ?"

ಅವರು ಅಂಗಡಿಗೆ ಹೋದ ಮೇಲೆ ಆಕೆ ತಂತಿಯ ಮೇಲಿನ ಪ್ಯಾಂಟನ್ನು ತೆಗೆದು ಒಳಹೊರಗು ಮಾಡಿ ನೋಡಿದಳು. ದರ್ಜಿಯ ಹೆಂಡತಿ, ಯಾವ ಬಟ್ಟೆಗೆ ಎಲ್ಲಿ ಅಸ್ತರು ಬೇಕು, ಎಲ್ಲಿ ಬೇಡ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಭಾವನವರ ಕೊನೆಯ ದಿನಗಳ ಬಟ್ಟೆ ಒಗೆದವಳೂ ಅವಳೇ. ಪ್ಯಾಂಟನ್ನು ಮೊದಲಿದ್ದಂತೆಯೇ ತಂತಿಗೆ ಹಾಕಿ ಒಳಗೆ ಬಂದಳು. ಅಂದಿನಿಂದ ಒಂದೇ ಭಯವನ್ನು ಇಬ್ಬರೂ ಬೇರೆ ಬೇರೆಯಾಗಿ ಹೊತ್ತುಕೊಂಡು ಒಂದೇ ಮನೆಯಲ್ಲಿ ಓಡಾಡತೊಡಗಿದರು.

ಹೀಗಿರುವಾಗ ಅಂಗಡಿಗೆ ಒಬ್ಬ ಬಸ್ ಡ್ರೈವರ್ ಬಂದ. ಆಳು ಭಾರಿ, ದನಿಯೂ ಭಾರಿ. ಮಾಸ್ತರು ಎಂದಿನಂತೆ ಎದ್ದು ಬೆಂಚು ತೋರಿಸಿದರೆ ಅವನು ಕೂರಲಿಲ್ಲ.

"ಯೂನಿಫಾರಂ ಪ್ಯಾಂಟು ಮಾಸ್ತರೇ. ಹಿಂದುಗಡೆ ಒಂಚೂರು ಸಡಿಲ ಇರಲಿ. ಆಮೇಲೆ..." ಅವನು ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. "ಒಳಗಡೆ ದಪ್ಪಗೆ ಯಾವುದಾದ್ರೂ ಕಪ್ಪು ಬಟ್ಟೆ ಹಾಕೋಕಾಗುತ್ತಾ?"

ಮಾಸ್ತರು ತುಟಿಯ ಪಿನ್ನುಗಳನ್ನು ತೆಗೆದು ಕೋಟಿಗೆ ಚುಚ್ಚಿಕೊಂಡರು.

"ರಕ್ತ ಹೋಗ್ತಿದೆಯೇನಪ್ಪಾ?"

ಡ್ರೈವರ್ ಒಂದು ಹೆಜ್ಜೆ ಹಿಂದೆ ಸರಿದ. "ನಿಮಗೆ ಹೇಗೆ ಗೊತ್ತಾಯ್ತು?"

"ಡಾಕ್ಟರಿಗೆ ತೋರಿಸಿದ್ಯಾ? ಇಲ್ವಾ? ಆ ಪ್ಯಾಂಟು ನಾನು ಹೊಲಿಯಲ್ಲ. ರಕ್ತ ಅಂದ್ರೆ ಹುಡುಗಾಟ ಅಲ್ಲ. ಮೂಲವ್ಯಾಧಿ ಅಂತ ನಾವೇ ಹೆಸರಿಟ್ಕೊಂಡು ಕೂರಬಾರದು. ನಮ್ಮಣ್ಣ ಹೀಗೇ..." ತಡೆದು ತಡೆದು ಅಣ್ಣನ ಕಥೆಯನ್ನೆಲ್ಲ ಹೇಳಿದರು. ಇಷ್ಟು ಕಾಲ ಯಾರಿಗೂ ಹೇಳದಿದ್ದುದನ್ನು ಗುರುತುಪರಿಚಯವಿಲ್ಲದವನ ಮುಂದೆ ಹೇಳಿಬಿಟ್ಟಿದ್ದರು.

ಡ್ರೈವರ್ ಎಲ್ಲ ಕೇಳಿಸಿಕೊಂಡು, ಸ್ಟೂಲಿನ ಮೇಲಿದ್ದ ಲಾಳದಾಕಾರದ ದಿಂಬಿನ ಕಡೆ ಕೈ ತೋರಿಸಿದ. "ಅದು ಯಾರದು ಮಾಸ್ತರೇ?"

ಮಾಸ್ತರು ದಿಂಬನ್ನೆತ್ತಿ ಮೇಜಿನ ಕೆಳಗೆ ತಳ್ಳಿದರು.

"ನಾಳೆ ನನಗೆ ರಜ. ಇಬ್ಬರೂ ಹೋಗೋಣ. ಒಬ್ಬನೇ ಹೋಗು ಅಂದ್ರೆ ನನಗೂ ಕಾಲು ಏಳಲ್ಲ."

"ಅದಕ್ಕೇನಂತೆ," ಎಂದರು ಮಾಸ್ತರು. "ನಿನ್ನ ಜೊತೆಗೆ ಬಂದರಾಯ್ತು."

ಆಸ್ಪತ್ರೆಯಲ್ಲಿ ಮೂಲವ್ಯಾಧಿಯವರು ಕಾಯುವ ಕೋಣೆಯ ಕುರ್ಚಿಗಳೆಲ್ಲ ಖಾಲಿ; ಗೋಡೆಗೆ ಒರಗಿಕೊಂಡು ಗಂಡಸರು ಹೆಂಗಸರು ಸಾಲಾಗಿ ನಿಂತಿದ್ದರು. ಆ ದೃಶ್ಯ ಕಂಡು ಡ್ರೈವರ್ ಕಿಸಕ್ಕನೆ ನಕ್ಕ. ಮಾಸ್ತರಿಗೆ ನಗು ಬರಲಿಲ್ಲ, ಒಳಗಿರುವ ಡಾಕ್ಟರ್ ಹೆಂಗಸೆಂದು ಆಗಷ್ಟೇ ತಿಳಿದಿತ್ತು. ವಾಪಸು ಹೋಗಲು ತಿರುಗಿದವರ ಕೋಟಿನ ತುದಿಯನ್ನು ಡ್ರೈವರ್ ಹಿಡಿದುಕೊಂಡ. ಆಕೆಯೋ, ಮಾಸ್ತರು ಸೊಂಟದ ಸುತ್ತಳತೆ ಕೇಳುವಷ್ಟೇ ಸಹಜವಾಗಿ ಎಲ್ಲವನ್ನೂ ಕೇಳಿ, ಕೈಗವಸು ಹಾಕಿ ಪರೀಕ್ಷಿಸಿ ಮುಗಿಸಿದರು. ಅಳತೆ ಕೊಡುವಾಗ ಗಿರಾಕಿಗಳು ಉಸಿರು ಬಿಗಿಹಿಡಿಯುವುದೇಕೆಂದು ತಮಗೆ ಅಂದು ಅರ್ಥವಾಯಿತೆಂದು ಮಾಸ್ತರು ಮುಂದೆ ನನ್ನೊಡನೆ ಹೇಳಿದ್ದುಂಟು.

"ಮೂಲವ್ಯಾಧಿ ಇದೆ, ಒಳಗಡೆಯದು," ಎಂದರು ಡಾಕ್ಟರ್. "ಊಟ, ನೀರು ಬಿಟ್ಟು ನೀವೇ ಬೆಳೆಸಿದ್ದೀರಿ. ಸೊಪ್ಪು, ಹಣ್ಣು, ಕಾಳು ತಿನ್ನಿ, ನೀರು ಕುಡೀರಿ. ದಿನಾ ಬೆಚ್ಚಗಿನ ನೀರಿನ ಟಬ್ಬಲ್ಲಿ ಸ್ವಲ್ಪ ಹೊತ್ತು ಕೂರಿ. ತಿಣುಕಬೇಡಿ. ಆ ತೂತಿನ ದಿಂಬು ಬಿಸಾಕಿ. ಊದಿರೋ ಮೊಳೆಯ ಬುಡಕ್ಕೆ ಸಣ್ಣ ರಬ್ಬರ್ ಬ್ಯಾಂಡ್ ಹಾಕಿದರೆ ಒಣಗಿ ಉದುರಿಹೋಗುತ್ತೆ."

ಅಲ್ಲಿಗೇ ಎದ್ದು ಬರಬಹುದಿತ್ತು. ಬಾಗಿಲವರೆಗೂ ಹೋದ ಮಾಸ್ತರು ನಿಂತು, ತಿರುಗಿ, "ನಮ್ಮಣ್ಣನಿಗೂ ಹೀಗೇ ಶುರುವಾಗಿತ್ತು ಡಾಕ್ಟ್ರೇ" ಎಂದರು. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಆಕೆ ಪೂರ್ತಿ ಕೇಳಿದರು.

"ಹೇಳಿದ್ದು ಒಳ್ಳೇದಾಯ್ತು. ಮೂಲವ್ಯಾಧಿ ಇದೆ ಅಂದ ಮಾತ್ರಕ್ಕೆ ಬೇರೇನೂ ಇಲ್ಲ ಅಂತ ಅಲ್ಲ. ಮೊದಲು ಕ್ಯಾಮೆರಾ ಹಾಕಿ ಕರುಳು ಪೂರ್ತಿ ನೋಡೋಣ, ಆಮೇಲೆ ಬ್ಯಾಂಡು."

ಮನೆಗೆ ಬಂದು ಹೆಂಡತಿಯ ಮುಂದೆ ವಿಷಯ ತೆಗೆಯಲು ಮಾಸ್ತರು ಪದ ಹುಡುಕುತ್ತಿರುವಾಗಲೇ ಆಕೆ ಹೇಳಿದಳು, "ನನಗೆ ಗೊತ್ತು. ಅಸ್ತರು ನೋಡಿದೆ."

"ಮತ್ತೆ ಕೇಳಲಿಲ್ಲ?"

"ಕೇಳಿ, ನೀವು ಹೌದು ಅಂದುಬಿಟ್ಟಿದ್ರೆ?"

ಪರೀಕ್ಷೆಯ ದಿನ ಬರುವವರೆಗೆ ಆ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಆಕೆ ಬೆಳಿಗ್ಗೆ ಸಂಜೆ ಟಬ್ಬಿಗೆ ಬೆಚ್ಚಗಿನ ನೀರು ತುಂಬಿ, ಮೊಣಕೈ ಅದ್ದಿ ಬಿಸಿ ನೋಡಿ, "ಬನ್ನಿ" ಎಂದು ಕರೆಯುವಳು. ಇವರು ಮಾತಿಲ್ಲದೆ ಹೋಗಿ ಕೂರುವರು. ನೋವು ದಿನೇ ದಿನೇ ಇಳಿಯುತ್ತಿತ್ತು, ಭಯ ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ಕ್ಯಾಮೆರಾ ಇಳಿಸಿ ನೋಡಿದಾಗ ಕರುಳಿನ ಒಂದು ತಿರುವಿನಲ್ಲಿ ಚಿಗುರಿನಂಥ ಸಣ್ಣ ಗಂಟೊಂದು ಸಿಕ್ಕಿತು. ಅಲ್ಲೇ ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸಿದರು. ಉತ್ತರಕ್ಕೆ ಕಾದ ದಿನಗಳಲ್ಲಿ ಮಾಸ್ತರು ಒಂದು ಪ್ಯಾಂಟಿನ ಎರಡು ಕಾಲುಗಳನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿದರೆಂದರೆ ಅವರ ಮನಸ್ಸಿನ ಸ್ಥಿತಿ ಊಹಿಸಿಕೊಳ್ಳಬಹುದು. ಆ ಪ್ಯಾಂಟು ನನ್ನದು.

"ಕೆಟ್ಟದ್ದೇನೂ ಇಲ್ಲ," ಎಂದರು ಡಾಕ್ಟರ್, "ಆದರೆ ಬಿಟ್ಟಿದ್ದರೆ ಮುಂದೆ ಏನಾಗ್ತಿತ್ತೋ ಹೇಳೋಕಾಗಲ್ಲ. ಕೆಲವು ವರ್ಷ ಬಿಟ್ಟು ಮತ್ತೆ ಬಂದು ತೋರಿಸಬೇಕು." ಹೊರಗೆ ಬಂದು ಮಾಸ್ತರು ಕಾಯುವ ಕೋಣೆಯ ಖಾಲಿ ಕುರ್ಚಿಯೊಂದರ ಮೇಲೆ ಕುಸಿದು ಕೂತು ಅತ್ತರು. ಹೆಂಡತಿ ಪಕ್ಕದಲ್ಲಿ ಕೂತಳು. ಡ್ರೈವರನಿಗೆ ಪರೀಕ್ಷೆಯಲ್ಲಿ ಬರೀ ಮೂಲವ್ಯಾಧಿ ಎಂದು ತಿಳಿದು, ಸೊಪ್ಪಿಗೂ ಟಬ್ಬಿಗೂ ಅದು ಆಗಲೇ ಬಗ್ಗಿತ್ತು. ಅವನು ಅವರಿಬ್ಬರ ಮುಂದೆ ಏನು ಮಾಡಬೇಕೆಂದು ತೋಚದೆ ನಿಂತಿದ್ದ.

ಬ್ಯಾಂಡುಗಳು ತಮ್ಮ ಕೆಲಸ ಮುಗಿಸಿ ಉದುರಿಹೋದ ಮೇಲೆ ಮಾಸ್ತರು ತಮ್ಮ ಪ್ಯಾಂಟುಗಳನ್ನೆಲ್ಲ ಮತ್ತೊಮ್ಮೆ ಬಿಚ್ಚಿ, ಕಪ್ಪು ಅಸ್ತರು ಕಿತ್ತು, ಬಿಳಿಯದನ್ನು ಹಾಕಿದರು.

"ಬಿಳಿ ಬಟ್ಟೆ ಎಲ್ಲಾನೂ ತೋರಿಸಿಬಿಡುತ್ತೆ ರೀ," ಎಂದಳು ಹೆಂಡತಿ.

"ತೋರಿಸಲಿ ಅಂತಾನೇ ಹಾಕ್ತಿರೋದು."

ಈಗ ನಾನು ಹೋದರೆ ಅವರು ಏಳುವುದಿಲ್ಲ. ಕೂತಲ್ಲಿಂದಲೇ "ಬನ್ನಿ" ಎಂದು ಹುಬ್ಬು ಕುಣಿಸುತ್ತಾರೆ. ಮಾಸ್ತರಿಗೆ ಅಹಂಕಾರ ಬಂದಿದೆಯೆಂದು ಬೀದಿಯವರ ಗೊಣಗಾಟ, ನನಗೆ ಆ ಅಹಂಕಾರವನ್ನು ನೋಡುವುದೇ ಒಂದು ಸಂತೋಷ. ಅವರಂಥವರು ಎಲ್ಲ ಕಸುಬಿನಲ್ಲೂ, ಎಲ್ಲ ಮನೆಗಳಲ್ಲೂ ಇದ್ದಾರೆ. ಕಂಡವರಿಗೆಲ್ಲ ಒಂದಿಷ್ಟು ಬಟ್ಟೆ ಒಳಗೆ ಮಡಿಸಿ ಉಳಿಸಿಡುವ ಇವರು ತಮಗೆ ಮಾತ್ರ ಬಿಗಿಯಾಗಿಯೇ ಹೊಲಿದುಕೊಂಡಿರುತ್ತಾರೆ. ಇವರಿಗೆ 'ನಿಮಗೆ ಕಾಯಿಲೆಯಿದೆ, ಆಸ್ಪತ್ರೆಗೆ ಹೋಗಿ' ಎಂದು ಎಷ್ಟು ಹೇಳಿದರೂ ಉಪಯೋಗವಿಲ್ಲ. ಇನ್ನೊಬ್ಬನಿಗೆ ಕಾಯಿಲೆಯಿದೆ, ಸ್ವಲ್ಪ ಜೊತೆಗೆ ಹೋಗಿಬನ್ನಿ ಎನ್ನಬೇಕು.