ಘಾಟಿಯಜ್ಜಿಯ ಅಪ್ಪಣೆ

ಬಾಳೆಗೊನೆಗಳ ಮೇಲೆ ಬಿದ್ದ ನೆರಳು ಮೋಡದ್ದಲ್ಲ, ಮೋಡಕ್ಕೆ ಹಲ್ಲಿರುವುದಿಲ್ಲ, ಮಣ್ಣು ಅಗೆಯುವ ಆ ಹಳದಿ ಯಂತ್ರದ ಎತ್ತಿದ ಕೈ ಅದು, ಘಾಟಿಯಜ್ಜಿಯ ಗುಡಿಯ ನೆತ್ತಿಗೆ ಸರಿಯಾಗಿ ನಿಂತಿದೆ, ಹುಲಿಯೂ ಹೀಗೇ ಎತ್ತಿತ್ತಂತೆ ಪಂಜ, ನನ್ನಜ್ಜಿ ಇದೇ ಹಣ್ಣಿನಂಗಡಿಯಲ್ಲಿ ಎಲೆಯಡಿಕೆ ಮೆಲ್ಲುತ್ತಾ ಹೇಳುತ್ತಿದ್ದಳು, ಘಾಟಿಯಜ್ಜಿ ಓಡಲಿಲ್ಲ ಕಣೇ ರೊಮ್‌ದುಲ್, ಯಾರನ್ನ ಕೇಳಿ ಎತ್ತಿದೆ ಅಂದಳು, ಅಷ್ಟೇ, ಪಂಜ ಅಲ್ಲೇ ನಿಂತಿತು, ಅಂದಿನಿಂದ ರಾಜಧಾನಿ ನೋಮ್ ಪೆನ್‌ನಿಂದ ಕಂಪೊಂಗ್ ಸೋಮ್ ಬಂದರಿಗೆ ಇಳಿಯುವ ಯಾವ ಲಾರಿಯೂ ಅವಳಿಗೆ ಒಂದು ಚಿಪ್ಪು ಬಾಳೆಹಣ್ಣಿಡದೆ, ಹಾರನ್ ಹೊಡೆಯದೆ ಮುಂದೆ ಹೋಗದು — ಈಗ ರಸ್ತೆ ನಾಲ್ಕು ಪಥವಾಗಬೇಕಂತೆ, ಗುಡಿ ಪೆಟ್ರೋಲ್ ಬಂಕಿನ ಹಿಂದಕ್ಕೆ ಹೋಗಬೇಕಂತೆ, ಹೊಸದೇ ಕಟ್ಟಿಸಿ ಕೊಡ್ತೀವಮ್ಮ, ಹೆಂಚು ಹಾಕಿಸ್ತೀವಿ, ಫ್ಯಾನೂ ಹಾಕಿಸ್ತೀವಿ, ನಗರದ ಇಂಜಿನಿಯರು ಹೇಳಿದ್ದು, ಅಜ್ಜಿಗೆ ಫ್ಯಾನು! ಗೋಡೆಯ ಹಿಂದೆ ಕೂತವಳಿಗೆ ಯಾರು ಹೋದರು ಯಾರು ಬಂದರು ಹೇಗೆ ತಿಳಿಯಬೇಕು, ಹಾರನ್ ಕೇಳದೆ ಅವಳು ನಿದ್ದೆ ಹೋದರೆ ಈ ತಿರುವಿನಲ್ಲಿ ಕಾಯುವವರು ಯಾರು.

ವುಥಿ ಅಣ್ಣ ಬರುತ್ತಿದ್ದಾನೆ, ಯಂತ್ರ ನಡೆಸುವವನು, ತೋಳಿನ ತುಂಬ ಮಂತ್ರದ ಹಚ್ಚೆ, ಮುಖದಲ್ಲಿ ರಕ್ತವಿಲ್ಲ, ತಂಗೀ, ಒಂದು ಚಿಪ್ಪು ಕೊಡು, ಮರೆತೇಬಿಟ್ಟೆ, ಅಪ್ಪಣೆ ಕೇಳದೇ ಎತ್ತಿಬಿಟ್ಟೆ. ಹಣ್ಣಿಲ್ಲಣ್ಣ. ಅಂಗಡಿ ಸಾಲಿನಲ್ಲೆಲ್ಲೂ ಇಲ್ಲ ಅಂತಾರಲ್ಲೇ. ಹೌದು, ಇವತ್ತು ಎಲ್ಲೂ ಇಲ್ಲ. ಇಂಜಿನಿಯರು ಬೆವರೊರೆಸಿಕೊಂಡು, ಇಷ್ಟೊಂದು ನೇತಾಡ್ತಿದೆಯಲ್ಲ? ಅವು ಮಾರೋಕಲ್ಲ ಸಾರ್. ಮತ್ಯಾಕೆ? ನೋಡೋಕೆ. ಸಾಲಿನ ಹೆಂಗಸರೆಲ್ಲ ನಕ್ಕರು — ನಾನು ಕೊಡಲಾರೆ, ಯಾಕೆಂದರೆ ಘಾಟಿಯಜ್ಜಿಯ ಗುಣ ನನಗೆ ಗೊತ್ತು, ಹಣ್ಣು ಕಂಡರೆ ಕರಗುತ್ತಾಳೆ, ಯಾರಿಗೂ ಇಲ್ಲ ಅಂದವಳಲ್ಲ, ಹೂಂ ಅಂದುಬಿಟ್ಟರೆ? ಅವಳ ಪರವಾಗಿ ಇಲ್ಲ ಅನ್ನಲು ನಾನಿದ್ದೇನೆ, ನನ್ನಜ್ಜಿ ಕೂತ ಮಣೆಯ ಮೇಲೆ ಕೂತವಳು. ಒಂದು ಬಾಳೆಹಣ್ಣಿಗೆ ಎರಡು ನಗರ ಕಾಯ್ಬೇಕೇನಮ್ಮ! ಕಾಯಲಿ ಸಾರ್, ಅಜ್ಜಿ ಎಷ್ಟು ಕಾಲದಿಂದ ಎರಡನ್ನೂ ಕಾಯ್ತಿಲ್ವಾ. ಇಳಿಸೋ ವುಥಿ, ನಾನು ಹೇಳ್ತಿದೀನಿ! ನೀವು ಹೇಳಿದ್ರೆ ಸಾಲದು ಸಾರ್, ಅವಳು ಹೇಳ್ಬೇಕು, ಯಂತ್ರದ ಬೀಗದ ಕೈ ಜೇಬಿಗಿಳಿಸಿ ವುಥಿ ಅಣ್ಣ ಗುಡಿಯೆದುರು ಬರಿಗೈ ಜೋಡಿಸಿ ಕುಕ್ಕರಿಸಿದ, ಹಿಂದೆ ನಿಂತ ಲಾರಿಗಳ ಹಾರನ್ ಘಾಟಿಯುದ್ದಕ್ಕೂ, ಕೇಳಿಸಿಕೋ ಅಜ್ಜೀ, ಎಲ್ಲಾ ನಿನಗೇ, ಹೂಂ ಅನ್ನಬೇಡ, ಹಣ್ಣು ಸಂಜೆಗೆ ನಾನೇ ತರುತ್ತೇನೆ, ಗೊನೆಗೊನೆಯೇ ತರುತ್ತೇನೆ, ಈಗ ಮಾತ್ರ ಹೂಂ ಅನ್ನಬೇಡ, ಮತ್ತೆ ಮೇಲೆ ನೋಡಿದರೆ, ಬಿಸಿಲಲ್ಲಿ, ಮಣ್ಣಿನ್ನೂ ತಾಗದ ಹಲ್ಲು, ಎತ್ತಿದ ಪಂಜ, ಎತ್ತಿದ ಹಾಗೇ